ದಾಸವಾಳ ಲಾಭ, ಟೊಮೆಟೊ ಲುಕ್ಸಾನು

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಓಣಿಯ ಮಾಳಿಗೆಗಳ ಮೇಲೆ ಟೊಮೆಟೊ ಸಸಿಗಳು ಎದ್ದವು. ನೆಟ್ಟ ಸಸಿ ಹಣ್ಣು ಕೊಡಲು ಎರಡು, ಎರಡೂವರೆ ತಿಂಗಳು ಬೇಕು. ಇವರ ಹಣ್ಣು ಕೆಂಪಾಗುವಷ್ಟರಲ್ಲಿ ಸೆಪ್ಟೆಂಬರ್ ಬಂದು ದರ ನೆಲ ಕಚ್ಚಿತ್ತು. ಕುಂಡ, ಗೊಬ್ಬರ, ಕೋಕೋಪೀಟ್ ಎಲ್ಲ ಸೇರಿ ಒಂದೊಂದು ಟೊಮೆಟೊ ಎಷ್ಟಕ್ಕೆ ಬಿತ್ತೆಂದು ಯಾರೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಕಾಯಿಪಲ್ಲೆ ಬೆಳೆದರೆ ತಿಂಗಳ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ ಎನ್ನುವ ವಿಡಿಯೊಗಳನ್ನು ನಾನು ನಂಬುವುದಿಲ್ಲ. ಬೆಳಗಾವಿಯಲ್ಲಂತೂ ಇಲ್ಲವೇ ಇಲ್ಲ. ಸುತ್ತಲ ಹಳ್ಳಿಗಳಿಂದ ತಾಜಾ ಸೊಪ್ಪು, ಬದನೆ ಬಂದು ಬೀಳುವ ಊರಿದು. ಇಲ್ಲಿಯ ಗೆಣಸು ದಿಲ್ಲಿಯವರೆಗೆ ಹೋಗುತ್ತದೆ. ಗ್ಯಾಲರಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡು ಆ ರೈತರ ಜೊತೆ ಪೈಪೋಟಿಗೆ ಇಳಿಯಬಾರದು. ಬೆಳೆದದ್ದಕ್ಕೆ ಪೇಟೆಯಲ್ಲಿ ಎಷ್ಟು ದರ ಎಂದು ನೋಡಿ ಖುಷಿಪಡುವುದೂ ಸರಿಯಲ್ಲ. ಗಿಡ ಇರದಿದ್ದರೆ ನನ್ನ ಪರ್ಸಿನಿಂದ ಎಷ್ಟು ಹೋಗುತ್ತಿತ್ತು, ಅಷ್ಟೇ ಉಳಿತಾಯ. ಕರಿಬೇವನ್ನೇ ನೋಡಿ. ಕಾಯಿಪಲ್ಲೆ ಕೊಂಡಾಗ "ಎರಡ್ ಎಸಳ ಕರಿಬೇವ ಹಾಕ್ರಿ" ಎಂದರೆ ಪುಕ್ಕಟೆ ಸಿಗುತ್ತದೆ. ಅದಕ್ಕೊಂದು ಕುಂಡ ಯಾಕೆ?

ನಮ್ಮ ತಿಲಕವಾಡಿಯ ಮನೆಯಲ್ಲಿ ದುಡ್ಡು ಉಳಿಸಿದ್ದು ಹೂವು. ಅತ್ತೆಯವರ ಪೂಜೆಗೆ ಹೂವಿಲ್ಲದೆ ನಡೆಯುವುದಿಲ್ಲ. ಹೂವಿನಾಕೆ ಬಾಗಿಲಲ್ಲಿ ನಿಂತು "ವೈನೀ, ಎರಡ್ ಮೊಳ ತಗೋರಿ" ಎಂದರೆ ಒಲ್ಲೆ ಎನ್ನಲು ನಾಲಿಗೆ ಏಳುವುದಿಲ್ಲ. ದಿನಕ್ಕೆ ಇಪ್ಪತ್ತು, ತಿಂಗಳಿಗೆ ಆರುನೂರು. ಶ್ರಾವಣ, ಗಣಪತಿ, ದಸರೆಯ ದರ ಬೇರೆಯೇ. ಈಗ ಗ್ಯಾಲರಿಯಲ್ಲಿ ದಾಸವಾಳ, ನಂದಿಬಟ್ಟಲು, ಅಬ್ಬಲಿ ಇವೆ. ದಾಸವಾಳದ ಹೂ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವಂಥದ್ದು, ಬುಟ್ಟಿಯಲ್ಲಿ ಹೊತ್ತು ಮಾರಲು ಬರುವುದಿಲ್ಲ. ಕೈತೋಟಕ್ಕೆ ಹೇಳಿ ಮಾಡಿಸಿದ ಹೂವು. ಮೊಳದ ಮಾಲೆ ಈಗ ಮಂಗಳವಾರ, ಶುಕ್ರವಾರಕ್ಕೆ ಮಾತ್ರ. ತಿಂಗಳಿಗೆ ನಾಲ್ಕುನೂರು ಉಳಿದು ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಶೇ 6.7ರ ದರದಲ್ಲಿ ಐದು ವರ್ಷಕ್ಕೆ ಕಟ್ಟಿದ 24,000 ರೂಪಾಯಿ ಸುಮಾರು 28,500 ಆಗುತ್ತದೆ.

ಸೇವಂತಿಗೆಗೆ ಮಾತ್ರ ನಾನು ದುಡ್ಡು ಹಾಕುವುದಿಲ್ಲ. ರಾತ್ರಿ ದೊಡ್ಡದಾದಾಗ ಮೊಗ್ಗು ಬಿಡುವ ಗಿಡ ಅದು. ಬೀದಿದೀಪದ ಬೆಳಕು ಬೆಳತನಕ ಬೀಳುವ ಗ್ಯಾಲರಿಯಲ್ಲಿ ಅದಕ್ಕೆ ರಾತ್ರಿಯೇ ಆಗುವುದಿಲ್ಲ, ಬರೀ ಎಲೆ ಬಿಡುತ್ತಾ ನಿಲ್ಲುತ್ತದೆ.

ಕುಂಡಕ್ಕೆ ಖಾನಾಪುರ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್. ಅಲ್ಲಿಯ ಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲೇ. ಬೆರಳ ಗೆಣ್ಣಿನಿಂದ ಕುಂಡಕ್ಕೆ ಹೊಡೆದು ನೋಡಬೇಕು: ಚೆನ್ನಾಗಿ ಸುಟ್ಟದ್ದು ಠಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಬದ್ ಎನ್ನುತ್ತದೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಜಾರಿಯಾದ ಮೇಲೆ ಹೋಗಿ ಬರುವ ಬಸ್ಸಿನ ಖರ್ಚೂ ಇಲ್ಲ. ಆದರೆ ಕಂಡಕ್ಟರ್ ನನ್ನ ಚೀಲ ನೋಡಿ, "ಅಕ್ಕಾರ, ಪುಕ್ಕಟ ನಿಮಗ, ಕುಂಡಕ್ಕಲ್ಲ" ಎಂದು ಲಗೇಜಿನ ಚೀಟಿ ಹರಿದುಕೊಟ್ಟ.

ಮಣ್ಣಿನ ಕುಂಡ ಬೆವರುತ್ತದೆ. ಮಳೆಗಾಲದಲ್ಲಿ ಅದು ಒಳ್ಳೆಯದು, ಬೇರು ಕೊಳೆಯುವುದಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ದಿನಕ್ಕೆರಡು ಸಲ ನೀರು ಕೇಳುತ್ತದೆ. ನಳದ ನೀರು ದಿನಾ ಬರದ ಮನೆಯಲ್ಲಿ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೇ ಗತಿ. ಇದಕ್ಕಾಗಿ ಟ್ಯಾಂಕರ್ ತರಿಸಿದರೆ ಆರ್‌ಡಿ ಅಲ್ಲಿಗೆ ಮುಗಿಯಿತು.

ಅಡುಗೆಗೆ ನಾನು ಬೆಳೆಯುವುದು ಮೆಂತೆ ಒಂದೇ. ಬೀಜ ಒಗ್ಗರಣೆ ಡಬ್ಬಿಯಲ್ಲೇ ಇದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಮಣ್ಣ ಮೇಲೆ ಚೆಲ್ಲಿ ತೆಳ್ಳಗೆ ಮಣ್ಣು ಉದುರಿಸಿದರೆ ಮೂರ್ನಾಲ್ಕು ವಾರಕ್ಕೆ ಕೈಗೆ ಬರುತ್ತದೆ. ಮಳೆ ಜಡಿದು ಹೊಲದ ಸೊಪ್ಪು ಕೊಳೆತು ಪೆಂಡಿಯ ದರ ಏರಿದಾಗ ಮಾಡಿನ ಕೆಳಗಿನ ಈ ಎರಡು ಕುಂಡ ಆಸರೆ. ಎಳೆಯದಿದ್ದರೆ ಪಚಡಿ: ಹೆಚ್ಚಿದ ಉಳ್ಳಾಗಡ್ಡಿ, ಗುರೆಳ್ಳು ಪುಡಿ, ಉಪ್ಪು, ಮೇಲೆ ಹಸಿ ಎಣ್ಣೆ, ಜೋಡಿಗೆ ಬಿಸಿ ರೊಟ್ಟಿ. ಬಲಿತಿದ್ದರೆ ನೆನೆದ ಹೆಸರುಬೇಳೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಲ್ಲೆ. ಬೇಳೆ ಅರ್ಧ ಬೆಂದ ಮೇಲೆಯೇ ಸೊಪ್ಪು ಹಾಕಬೇಕು, ಮುಚ್ಚಳ ಮುಚ್ಚಬಾರದು.

ಚಳಿಗಾಲದಲ್ಲಿ ಮೆಂತೆ ಅಗ್ಗವಾದರೆ ನಾನು ಬಿತ್ತುವುದಿಲ್ಲ. ಮಣ್ಣನ್ನು ಬಿಸಿಲಿಗೆ ಹರವಿ, ಚೀಲ ಹಿಡಿದು ಗಣಪತ್ ಗಲ್ಲಿಗೆ ಹೊರಡುತ್ತೇನೆ. "ಮನ್ಯಾಗ ಕುಂಡ ಖಾಲಿ, ಈಕಿ ಪ್ಯಾಟಿಗೆ ಹೊಂಟಾಳ" ಎಂದು ಅತ್ತೆಯವರು ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಾರೆ.