ಅಜ್ಜಿ-ತಾತ, ಮೊಮ್ಮಕ್ಕಳ ಜೊತೆ ಕ್ಯಾಂಪರ್‌ನಲ್ಲಿ ಲೆಚ್‌ವರ್ತ್‌ಗೆ: ಮೊದಲ ಸಲ ಹೋಗುವವರಿಗೆ ಹಂತ ಹಂತವಾಗಿ

ಊರಿನಿಂದ ಅಪ್ಪ-ಅಮ್ಮ ಬೇಸಿಗೆಗೆ ಬಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ನಯಾಗರ, ವಾಷಿಂಗ್ಟನ್, ನ್ಯೂಯಾರ್ಕ್ ಸುತ್ತಿ ಮುಗಿಸಲು ಒಂದು ತಿಂಗಳು ಸಾಕು. ಆಮೇಲೆ ಕಾಡು-ಕಣಿವೆ ತೋರಿಸೋಣ ಎಂದರೆ ಮಂಡಿನೋವು ಅಡ್ಡ ಬರುತ್ತದೆ. ಟೆಂಟಿನಲ್ಲಿ ನೆಲದ ಮೇಲೆ ಮಲಗಿ, ನಡುರಾತ್ರಿ ಟಾರ್ಚ್ ಹಿಡಿದು ಶೌಚಾಲಯಕ್ಕೆ ನಡೆದು ಹೋಗುವುದು ಎಪ್ಪತ್ತು ದಾಟಿದವರಿಗೆ ಆಗುವ ಮಾತಲ್ಲ. ಮಂಚ, ಒಲೆ, ಬಚ್ಚಲು ಮೂರೂ ಒಳಗೇ ಇರುವ ಕ್ಯಾಂಪರ್ ಇಂಥ ಸಂಸಾರಕ್ಕೆಂದೇ ಹೇಳಿ ಮಾಡಿಸಿದಂತಿದೆ. ಜಾಗ, ಗಾಡಿ, ದಾರಿ, ಊಟ, ಯಾವುದನ್ನು ತೀರ್ಮಾನಿಸುವಾಗಲೂ ಮನೆಯ ಅತಿ ಹಿರಿಯರಿಗೆ ಇದು ಒಗ್ಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಉಳಿದವರಿಗೆ ತಾನಾಗಿ ಒಗ್ಗುತ್ತದೆ.

ಹಂತ 1: ಜಾಗ, ತಾರೀಕು

ಮೊದಲ ಪ್ರವಾಸಕ್ಕೆ ನಾನು ಹೇಳುವ ಜಾಗ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ಲೆಚ್‌ವರ್ತ್ ಸ್ಟೇಟ್ ಪಾರ್ಕ್. ಉತ್ತರದ ಒಂಟೇರಿಯೊ ಸರೋವರದತ್ತ ಹರಿಯುವ ಜೆನೆಸೀ ನದಿ ಇಲ್ಲಿ ಆಳವಾದ ಕಮರಿ ಕೊರೆದಿದೆ. ಒಂದರ ಹಿಂದೊಂದು ಮೂರು ದೊಡ್ಡ ಜಲಪಾತ. ನಡುವಿನದು 107 ಅಡಿ. ಇವುಗಳಲ್ಲಿ ಎರಡರ ಹತ್ತಿರಕ್ಕೇ ಕಾರು ಹೋಗುತ್ತದೆ. ಅಜ್ಜಿ-ತಾತನ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ.

ಕ್ಯಾಂಪರ್ ನಿಲ್ಲಿಸುವುದು ಪಾರ್ಕಿನ ಉತ್ತರ ತುದಿಯ ಹೈಬ್ಯಾಂಕ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ. ನ್ಯೂಯಾರ್ಕ್ ಸ್ಟೇಟ್ ಪಾರ್ಕುಗಳಲ್ಲಿ ಒಂಬತ್ತು ತಿಂಗಳು ಮುಂಚಿನಿಂದಲೇ ಸೈಟ್ ಕಾಯ್ದಿರಿಸಬಹುದು. ಜುಲೈ-ಆಗಸ್ಟಿನ ವಾರಾಂತ್ಯ ಮತ್ತು ಎಲೆ ಬಣ್ಣ ತಿರುಗುವ ಅಕ್ಟೋಬರ್ ಬೇಗ ತುಂಬಿಹೋಗುತ್ತವೆ. ಅಕ್ಟೋಬರ್ ಕಣ್ಣಿಗೆ ಹಬ್ಬ, ಆದರೆ ರಾತ್ರಿಯ ಚಳಿ ಹಿರಿಯರಿಗೆ ಕಷ್ಟ. ಮೊದಲ ಸಲಕ್ಕೆ ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ, ವಾರದ ನಡುವೆ, ಮೂರು ರಾತ್ರಿ ಒಂದೇ ಕಡೆ ಇರಿ. ದಿನಕ್ಕೊಂದು ಪಾರ್ಕ್ ಎಂದು ಓಡುವ ಆಸೆ ಬೇಡ. ಸೈಟ್ ಆರಿಸುವಾಗ ಅದರ ಉದ್ದ ನಿಮ್ಮ ಗಾಡಿಗೆ ಸಾಲುತ್ತದೆಯೇ, ನೆಲ ಸಮವಾಗಿದೆಯೇ ಎಂದು ನೋಡಿ.

ಹಂತ 2: ಗಾಡಿ

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಹೊಸಬರಿಗೆ ಬೇಡ. ಡ್ರೈವರ್ ಸೀಟಿನ ಮೇಲೂ ಒಂದು ಹಾಸಿಗೆ ಇರುವ 'ಕ್ಲಾಸ್ ಸಿ' ಮೋಟರ್‌ಹೋಮನ್ನು ಬಾಡಿಗೆಗೆ ಹಿಡಿಯಿರಿ. 25 ಅಡಿ ಉದ್ದದ್ದು ಸಾಕು. ಸಾಮಾನ್ಯವಾಗಿ ಕಾರಿನ ಲೈಸೆನ್ಸೇ ನಡೆಯುತ್ತದೆ.

"ಆರು ಜನ ಮಲಗಬಹುದು" ಎಂದು ಬರೆದಿದ್ದರೆ ಆರು ಸೀಟ್‌ಬೆಲ್ಟ್ ಇದೆ ಎಂದು ಅರ್ಥವಲ್ಲ. ಬೆಲ್ಟ್ ಎಣಿಸಿ. ಮಗುವಿನ ಕಾರ್ ಸೀಟ್ ಕೂರಿಸಲು ಮುಂದಕ್ಕೆ ಮುಖ ಮಾಡಿದ ಬೆಲ್ಟ್ ಸೀಟೇ ಬೇಕು. ಪಕ್ಕಕ್ಕೆ ಮುಖ ಮಾಡಿದ ಸೋಫಾ ಆಗದು. ಗಾಡಿ ಓಡುವಾಗ ಯಾರೂ ಎದ್ದು ಕಾಫಿ ಕಾಸುವಂತಿಲ್ಲ, ಹಿಂದಿನ ಮಂಚದ ಮೇಲೆ ಮಲಗುವಂತಿಲ್ಲ. ಅಮ್ಮ ಕಾಲು ಚಾಚಬೇಕೆಂದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ.

ದಿನದ ಬಾಡಿಗೆಯ ಮೇಲೆ ಮೈಲಿಗಿಷ್ಟು, ಜನರೇಟರ್ ಗಂಟೆಗಿಷ್ಟು, ಪಾತ್ರೆ-ಹಾಸಿಗೆಗಿಷ್ಟು ಎಂದು ಸೇರುತ್ತದೆ. ಪಾತ್ರೆ, ಹೊದಿಕೆ ಮನೆಯಿಂದಲೇ ತನ್ನಿ. ಗ್ಯಾಲನ್ನಿಗೆ ಎಂಟರಿಂದ ಹತ್ತು ಮೈಲಿ ಎಂದು ಪೆಟ್ರೋಲ್ ಲೆಕ್ಕ ಹಾಕಿ. ಗಾಡಿ ಪಡೆಯುವಾಗ ಒಳ-ಹೊರಗಿನ ಪ್ರತಿ ಗೀರನ್ನೂ ಮೊಬೈಲಿನಲ್ಲಿ ವೀಡಿಯೊ ಮಾಡಿ. ಪಂಪು, ಹೀಟರು, ಒಲೆ ಎಲ್ಲವನ್ನೂ ನಿಮ್ಮ ಕೈಯಿಂದಲೇ ಒಂದು ಸಲ ಹಾಕಿ ಆರಿಸಿ.

ಇನ್ನೊಂದು ವಿಷಯ: ಹೈಬ್ಯಾಂಕ್ಸ್ ಉತ್ತರದಲ್ಲಿ, ಜಲಪಾತಗಳು ದಕ್ಷಿಣದಲ್ಲಿ, ಪಾರ್ಕಿನ ಉದ್ದ 17 ಮೈಲಿ. ಪ್ರತಿಸಲ ಕ್ಯಾಂಪರನ್ನು ಕಿತ್ತು ಓಡಿಸುವುದು ಹಿಂಸೆ. ಮನೆಯ ಇನ್ನೊಬ್ಬರು ಕಾರು ತಂದರೆ ಸುಖ. ಅಪ್ಪ-ಅಮ್ಮ ಕಾರಿನಲ್ಲೇ ಬರಲಿ, ಕ್ಯಾಂಪರಿನ ಕುಲುಕಾಟವೂ ತಪ್ಪುತ್ತದೆ.

ಹಂತ 3: ದಾರಿ

ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಕ್ಲಾಸ್ ಸಿ ಹನ್ನೊಂದು-ಹನ್ನೆರಡು ಅಡಿ ಇರುತ್ತದೆ. ನ್ಯೂಯಾರ್ಕ್ ನಗರದ ಸುತ್ತಲಿನ ಪಾರ್ಕ್‌ವೇಗಳಲ್ಲಿ ಹತ್ತು ಅಡಿಯೂ ಇಲ್ಲದ ಕಲ್ಲುಸೇತುವೆಗಳಿವೆ, ಮೊಬೈಲ್ ಮ್ಯಾಪು ಕಾರಿನ ಲೆಕ್ಕದಲ್ಲಿ ಅತ್ತಲೇ ಕಳಿಸುತ್ತದೆ. ಗ್ಯಾಸ್ ಸಿಲಿಂಡರ್ ಇರುವ ಗಾಡಿಯನ್ನು ಕೆಲವು ಸುರಂಗಗಳಲ್ಲಿ ಬಿಡುವುದಿಲ್ಲ. ನ್ಯೂಜೆರ್ಸಿಯಿಂದ ಹೊರಡುವವರು 80, 380, 81, 86, 390 ಹೀಗೆ ದೊಡ್ಡ ಹೆದ್ದಾರಿ ಹಿಡಿದೇ ಪಾರ್ಕಿನ ಪಕ್ಕದ ಮೌಂಟ್ ಮಾರಿಸ್‌ವರೆಗೆ ಹೋಗಬಹುದು. ಸುಮಾರು 300 ಮೈಲಿ. ಕಾರಿನಲ್ಲಿ ಐದು ಗಂಟೆ ಆದರೆ ಇದರಲ್ಲಿ ಆರೂವರೆ-ಏಳು ಎಂದು ಇಟ್ಟುಕೊಳ್ಳಿ.

ತಿರುವಿನಲ್ಲಿ ಒಂದು ಎಚ್ಚರ. ಹಿಂದಿನ ಚಕ್ರದಾಚೆ ಗಾಡಿ ಬಹಳ ಉದ್ದ ಚಾಚಿಕೊಂಡಿರುತ್ತದೆ. ನೀವು ಎಡಕ್ಕೆ ಹೊರಳಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳಿಗೆ ಗಾಡಿ ತಾಗುವುದು ಹೆಚ್ಚಾಗಿ ಹೀಗೆಯೇ.

ಹಂತ 4: ಅಡುಗೆಮನೆ

ಕ್ಯಾಂಪರಿನ ಅಡುಗೆ ಅರ್ಧ ಮನೆಯಲ್ಲೇ ಮುಗಿದಿರಬೇಕು. ರವೆ ಹುರಿದು, ಸಾಸಿವೆ, ಉದ್ದಿನಬೇಳೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಅದಕ್ಕೇ ಕಲಸಿ, ಪೂರ್ತಿ ಆರಿದ ಮೇಲೆ ಜಿಪ್ ಚೀಲದಲ್ಲಿ ತುಂಬಿ. ಅಲ್ಲಿ ನೀರು ಕುದಿಸಿ, ಉಪ್ಪು ಹಾಕಿ ಸುರಿದರೆ ಹತ್ತು ನಿಮಿಷಕ್ಕೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಎರಡು ದಿನಕ್ಕಾಗುವ ಚಪಾತಿ ಇದ್ದರೆ ಸಾಕು. ಒಗ್ಗರಣೆ ಹಾಕಲೇಬೇಕೆಂದರೆ ಹೊರಗೆ ಪಿಕ್ನಿಕ್ ಟೇಬಲ್ಲಿನ ಮೇಲೆ ಪುಟ್ಟ ಸ್ಟೋವ್ ಇಟ್ಟು ಹಾಕಿ. ಒಳಗೆ ಸಾಸಿವೆ ಸಿಡಿದು ಮೆಣಸಿನಕಾಯಿಯ ಘಾಟು ಎದ್ದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಬ್ಯಾಟರಿ ತೆಗೆದಿಡಬೇಡಿ, ಅಷ್ಟು ಪುಟ್ಟ ಜಾಗದಲ್ಲಿ ಎಲ್ಲರ ಪ್ರಾಣ ಕಾಯುವುದು ಅದೇ.

ಸೈಟಿನ 30 ಆಂಪಿಯರ್ ಕರೆಂಟ್ ಸಂಪರ್ಕದಲ್ಲಿ ಸಿಗುವುದು 3600 ವ್ಯಾಟ್. ಏಸಿ, ಮೈಕ್ರೋವೇವ್, ಇನ್‌ಸ್ಟಂಟ್ ಪಾಟ್ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಅನ್ನಕ್ಕಿಟ್ಟಾಗ ಏಸಿ ಆರಿಸಿ.

ರಾತ್ರಿ ಒಂದು ತುಣುಕು ತಿಂಡಿಯನ್ನೂ ಹೊರಗೆ ಬಿಡಬೇಡಿ, ರಕೂನ್‌ಗಳು ಬರುತ್ತವೆ. ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಮರ ಕೊಲ್ಲುವ ಹುಳುಗಳು ಹರಡದಂತೆ, ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸಬಾರದೆಂಬ ನಿಯಮ ನ್ಯೂಯಾರ್ಕಿನಲ್ಲಿದೆ. ಪಾರ್ಕಿನ ಹತ್ತಿರವೇ ಕೊಳ್ಳಿ.

ಹಂತ 5: ಗಾಡಿ ನಿಲ್ಲಿಸುವುದು

ಬೆಳಕಿರುವಾಗಲೇ ತಲುಪಿ. ಸೈಟಿಗೆ ಹೋಗುವ ಮುಂಚೆ ಟ್ಯಾಂಕಿಗೆ ಕುಡಿಯುವ ನೀರು ತುಂಬಿಸಿಕೊಳ್ಳಿ, ಏಕೆಂದರೆ ಹೈಬ್ಯಾಂಕ್ಸ್ ಸೈಟುಗಳಲ್ಲಿ ಕರೆಂಟ್ ಇದೆ, ನಲ್ಲಿ-ಚರಂಡಿ ಸಂಪರ್ಕ ಇಲ್ಲ. ಒಬ್ಬರು ಹಿಂದೆ ನಿಂತು ಕೈಸನ್ನೆ ಮಾಡಲಿ. ಕನ್ನಡಿಯಲ್ಲಿ ಅವರು ಕಾಣದ ಕ್ಷಣ ಬ್ರೇಕ್ ಒತ್ತಿ. ಮಕ್ಕಳು ಅಜ್ಜಿಯ ಪಕ್ಕ ದೂರ ನಿಂತಿರಲಿ. ಕೊಂಬೆ ತಾಗುತ್ತದೆಯೇ ಎಂದು ತಲೆ ಎತ್ತಿಯೂ ನೋಡಿ.

ಆಮೇಲೆ ಮಟ್ಟ. ತಗ್ಗಿನ ಕಡೆಯ ಚಕ್ರದಡಿ ಪ್ಲಾಸ್ಟಿಕ್ ಬ್ಲಾಕ್ ಇಟ್ಟು ಗಾಡಿ ಹತ್ತಿಸಿ. ಗ್ಯಾಸಿನಿಂದಲೂ ನಡೆಯುವ ಫ್ರಿಜ್ ಓರೆಯಾಗಿ ನಿಂತರೆ ಕೆಡುತ್ತದೆ, ಮಲಗಿದವರ ತಲೆಯೂ ಭಾರವಾಗುತ್ತದೆ. ಕರೆಂಟ್ ಕಂಬದ ಬ್ರೇಕರ್ ಆರಿಸಿ, ಪ್ಲಗ್ ಸಿಕ್ಕಿಸಿ, ಆಮೇಲೆ ಬ್ರೇಕರ್ ಹಾಕಿ.

ಸುಮಾರು 40 ಗ್ಯಾಲನ್ ಟ್ಯಾಂಕ್ ಎಂದರೆ 150 ಲೀಟರ್. ಆರು ಜನಕ್ಕೆ ಒಂದು ದಿನಕ್ಕೂ ಸಾಲದು. ಸ್ನಾನಕ್ಕೆ ಉಳಿದವರೆಲ್ಲ ಕ್ಯಾಂಪ್‌ಗ್ರೌಂಡಿನ ಸ್ನಾನಗೃಹಕ್ಕೆ ಹೋಗಿ, ಒಳಗಿನ ಬಚ್ಚಲನ್ನು ಹಿರಿಯರಿಗೆ ಬಿಡಿ. ಶೌಚಕ್ಕೆ ಕಾಗದದ ಬದಲು ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಬಹಳ ಒಳ್ಳೆಯದು. ಮಲದ ಟ್ಯಾಂಕು ಕಟ್ಟಿಕೊಳ್ಳುವುದು ನೀರು ಕಡಿಮೆಯಾಗಿ ಕಾಗದ ಹೆಚ್ಚಾದಾಗ. ಒಂದು ಚೊಂಬು ಇಟ್ಟರೆ ಅಮ್ಮನಿಗೂ ಸಮಾಧಾನ, ಟ್ಯಾಂಕಿಗೂ ಕ್ಷೇಮ.

ಹಂತ 6: ನೋಡುವುದು

ಮೊದಲು ಇನ್‌ಸ್ಪಿರೇಷನ್ ಪಾಯಿಂಟ್. ಕಾರಿನಿಂದ ಇಳಿದು ಸ್ವಲ್ಪ ನಡೆದರೆ ಮೇಲಿನ ಎರಡು ಜಲಪಾತಗಳೂ ಅವುಗಳ ಹಿಂದೆ 2017ರಲ್ಲಿ ತೆರೆದ ರೈಲಿನ ಕಮಾನು ಸೇತುವೆಯೂ ಒಟ್ಟಿಗೆ ಕಾಣುತ್ತವೆ. ಗೂಡ್ಸ್ ರೈಲು ಬಂದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಬಳಿಕ ಗ್ಲೆನ್ ಐರಿಸ್ ಇನ್ ಪಕ್ಕದ ನಡು ಜಲಪಾತ. ಗಾಳಿ ಈ ಕಡೆ ತಿರುಗಿದರೆ ತುಂತುರು ಮೈಗೇ ಬರುತ್ತದೆ, ಹಿರಿಯರಿಗೆ ಶಾಲು ಇರಲಿ. ಆ ಇನ್ ಒಂದು ಕಾಲಕ್ಕೆ ವಿಲಿಯಂ ಪ್ರಯರ್ ಲೆಚ್‌ವರ್ತ್ ಅವರ ಮನೆ. 1859ರಲ್ಲಿ ಇಲ್ಲಿ ಜಮೀನು ಕೊಂಡ ಈ ಉದ್ಯಮಿ, ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಎದ್ದಾಗ ಜಲಪಾತ ಉಳಿಯಲೆಂದು 1906ರಲ್ಲಿ ಸಾವಿರ ಎಕರೆಯನ್ನು ರಾಜ್ಯಕ್ಕೆ ಕೊಟ್ಟುಬಿಟ್ಟರು. ಲಿಂಗನಮಕ್ಕಿ ಅಣೆಕಟ್ಟಿಗೆ ಮುಂಚಿನ ಜೋಗವನ್ನು ಕಂಡ ಹಿರಿಯರು ಜೊತೆಗಿದ್ದರೆ ಅವರಿಗೆ ಇದನ್ನು ತಪ್ಪದೆ ಹೇಳಿ; ಸಂಜೆಯ ಮಾತಿಗೆ ಬೇರೆ ವಿಷಯ ಬೇಕಾಗುವುದಿಲ್ಲ.

ಕೆಳಗಿನ ಜಲಪಾತಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲಿಳಿಯಬೇಕು. ಅಲ್ಲಿಗೆ ಮಕ್ಕಳೊಂದಿಗೆ ಒಬ್ಬರು ಹೋಗಲಿ, ಮತ್ತೊಬ್ಬರು ಹಿರಿಯರ ಬಳಿ ಇರಲಿ. ಆಟಿಸಂ ಇರುವವರಿಗೆಂದೇ 2021ರಲ್ಲಿ ತೆರೆದ ನೇಚರ್ ಟ್ರೇಲ್ ಕೂಡ ಈ ಪಾರ್ಕಿನಲ್ಲಿದೆ.

ಹಂತ 7: ಟ್ಯಾಂಕ್ ಖಾಲಿ ಮಾಡುವುದು

ಎಲ್ಲರೂ ಹೆದರುವ ಕೆಲಸ ಇದೇ, ಸರಿಯಾಗಿ ಮಾಡಿದರೆ ಹದಿನೈದು ನಿಮಿಷದ್ದು. ಕೊಳೆನೀರು ಬಿಡುವ ಡಂಪ್ ಸ್ಟೇಷನ್‌ನಲ್ಲಿ ಕೈಗವಸು ಹಾಕಿ, ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಗೆ ತಿರುಗಿಸಿ, ಕಚ್ಚಿಕೊಂಡಿತೇ ಎಂದು ಎಳೆದು ನೋಡಿ. ಇನ್ನೊಂದು ತುದಿಯನ್ನು ನೆಲದ ರಂಧ್ರದೊಳಗಿಟ್ಟು ಮೇಲೆ ಭಾರ ಹೇರಿ. ಮೊದಲು ಮಲದ ಟ್ಯಾಂಕಿನ ಹಿಡಿ ಎಳೆಯಿರಿ. ಭರ್ರೆಂದು ಹರಿದು ಸದ್ದು ನಿಂತ ಮೇಲೆ ಮುಚ್ಚಿ, ಕಮೋಡಿನಿಂದ ಎರಡು ಬಕೆಟ್ ನೀರು ಸುರಿದು ಮತ್ತೊಮ್ಮೆ ಬಿಡಿ. ಆಮೇಲಷ್ಟೇ ಪಾತ್ರೆ-ಸ್ನಾನದ ನೀರಿನ ಟ್ಯಾಂಕ್. ಆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ಕುಡಿಯುವ ನೀರಿನ ಪೈಪನ್ನು ಇದರ ಹತ್ತಿರವೂ ತರಬೇಡಿ.

ವಾರಾಂತ್ಯಕ್ಕೆ ಬಂದಿದ್ದರೆ, ಭಾನುವಾರ ಬೆಳಗ್ಗೆ ಇಲ್ಲಿ ಉದ್ದದ ಸಾಲು ಇರುತ್ತದೆ. ತಿಂಡಿಗೆ ಮುಂಚೆ ಬನ್ನಿ. ಪೆಟ್ರೋಲ್ ಮೊದಲಿದ್ದ ಗುರುತಿಗೆ ತುಂಬಿಸಿ, ಕೊಳೆನೀರಿನ ಟ್ಯಾಂಕ್‌ಗಳು ಖಾಲಿ ಇರುವುದನ್ನೂ ಮೈಲಿ ಮೀಟರನ್ನೂ ಫೋಟೊ ತೆಗೆದು, ಹಗಲಲ್ಲೇ ಗಾಡಿ ಒಪ್ಪಿಸಿ ರಸೀದಿ ಪಡೆಯಿರಿ.