ಮೂವತ್ತು ಸಾವಿರದ ಕತ್ತರಿ ಗಿಟ್ಟುತ್ತದೆಯೇ?

ಆಟೊದ ಬೆನ್ನಿಗೆ ‘ತಾಯಿಯ ಆಶೀರ್ವಾದ’ ಅಂಟಿಸಿಕೊಡುವ ರೇಡಿಯಂ ಸ್ಟಿಕರ್ ಅಂಗಡಿಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲಾಗಿವೆ. ಅಲ್ಲಿ ಕೆಲಸ ಮಾಡುವುದು ಪ್ಲಾಟರ್. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಗುಂಡಿ ಒತ್ತಿದರೆ ಪುಟ್ಟದೊಂದು ಚಾಕು ವಿನೈಲ್ ಹಾಳೆಯ ಮೇಲೆ ಅತ್ತಿತ್ತ ಓಡಾಡಿ ಅಕ್ಷರ ಬಿಡಿಸುತ್ತದೆ, ಕೆಳಗಿನ ಕಾಗದಕ್ಕೆ ಮಾತ್ರ ಗಾಯವಾಗುವುದಿಲ್ಲ. ಇದೇ ಪ್ಲಾಟರನ್ನು ಊಟದ ಮೇಜಿನ ಮೇಲೆ ಕೂರುವಷ್ಟು ಕುಗ್ಗಿಸಿ, ಚೆಂದದ ಬಣ್ಣ ಕೊಟ್ಟರೆ ಅದು ಕ್ರಾಫ್ಟ್ ಕಟಿಂಗ್ ಮಷೀನ್. ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಕ್ರಾಫ್ಟ್ ಎಂಬ ಕಂಪನಿ ‘ಕ್ರಿಕಟ್’ ಹೆಸರಿನಲ್ಲಿ ಇದನ್ನು ಮನೆಮನೆಗೆ ಮಾರಲು ಹೊರಟಿತು. ಯಂತ್ರ ಎಷ್ಟು ಪ್ರಸಿದ್ಧವಾಯಿತೆಂದರೆ 2018ರಲ್ಲಿ ಕಂಪನಿಯೇ ತನ್ನ ಹೆಸರನ್ನು ಕ್ರಿಕಟ್ ಎಂದು ಬದಲಿಸಿಕೊಂಡಿತು. ಸಿಲೂಯೆಟ್ ಕ್ಯಾಮಿಯೊ, ಬ್ರದರ್ ಸ್ಕ್ಯಾನ್‌ಎನ್‌ಕಟ್ ಇದರ ಪೈಪೋಟಿದಾರರು.

ಈ ಅಂಕಣ ಬರೆಯುವಾಕೆಯ ಮನೆಗೂ ಅಂಥದ್ದೊಂದು ಬಂದಿದೆ. ಹನ್ನೆರಡು ಅಂಗುಲ ಅಗಲದ ಹಾಳೆ ಹಿಡಿಯುವ ಮಧ್ಯಮ ದರ್ಜೆಯದು, ಬೆಲೆ ₹30,000ದ ಆಸುಪಾಸು. ಮ್ಯಾಟು, ಬ್ಲೇಡು, ಕೊಕ್ಕೆ, ಮೊದಲ ಕಂತಿನ ಕಾಗದ ಮತ್ತು ವಿನೈಲ್ ಸೇರಿ ಮತ್ತೊಂದು ಐದು ಸಾವಿರ. ದುಡ್ಡಿನ ವಿಚಾರ ಊರಿಗೆಲ್ಲ ಹೇಳುವವಳ ಮನೆಯಲ್ಲಿ ₹35,000ಕ್ಕೆ ಲೆಕ್ಕ ಕೇಳುವವರು ಇಲ್ಲದಿರುತ್ತಾರೆಯೇ? ಯಂತ್ರದ ಜತೆಗೇ ಒಂದು ಉದ್ದನೆಯ ಲೆಕ್ಕದ ಪುಸ್ತಕವೂ ಬಂತು.

ಮೊದಲ ಪುಟದ ಲೆಕ್ಕ ಹೀಗಿದೆ. ಯಂತ್ರ ಐದು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ಸವಕಳಿ ವರ್ಷಕ್ಕೆ ₹7,000. ಅದೇ ಹಣವನ್ನು ಬ್ಯಾಂಕಿನಲ್ಲಿಟ್ಟು ಶೇ 7ರ ಬಡ್ಡಿ ಎಣಿಸಿದ್ದರೆ ವರ್ಷಕ್ಕೆ ₹2,450 ಬರುತ್ತಿತ್ತು, ಅದೂ ಹೋಯಿತು. ಎರಡೂ ಸೇರಿ ₹9,450. ಅಂದರೆ ಒಂದು ಚೂರು ಕಾಗದ ಕತ್ತರಿಸುವ ಮೊದಲೇ ತಿಂಗಳಿಗೆ ಸುಮಾರು ₹790 ಖರ್ಚು ಬಿದ್ದಿರುತ್ತದೆ. ‘ನೋ ಕಾಸ್ಟ್ ಇಎಂಐ’ ಎಂದು ಕೊಂಡರೆ ಇನ್ನೂ ತುಸು ಹೆಚ್ಚು. ಬಡ್ಡಿಯನ್ನು ರಿಯಾಯಿತಿಯ ರೂಪದಲ್ಲಿ ತುಂಬಿಕೊಟ್ಟರೂ ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿ ಕೊಳ್ಳುವವರ ಕಾರ್ಡಿಗೇ ಬೀಳುತ್ತದೆ, ಕೆಲವು ಬ್ಯಾಂಕುಗಳ ಸಂಸ್ಕರಣಾ ಶುಲ್ಕ ಬೇರೆ.

ಸವೆಯುವ ಸಾಮಾನಿನ ಪುಟ ಪ್ರತ್ಯೇಕ. ಹಾಳೆಯನ್ನು ಹಿಡಿದಿಡುವ ಅಂಟಿನ ಮ್ಯಾಟ್‌ಗಳಲ್ಲಿ ತೆಳು ಕಾಗದಕ್ಕೆ ನೀಲಿ, ಕಾರ್ಡ್‌ಸ್ಟಾಕ್ ಮತ್ತು ವಿನೈಲ್‌ಗೆ ಹಸಿರು, ದಪ್ಪ ರಟ್ಟಿಗೆ ನೇರಳೆ, ಬಟ್ಟೆಗೆ ಗುಲಾಬಿ ಎಂದು ವಿಂಗಡಣೆಯಿದೆ. ಬೆಂಗಳೂರಿನ ದೂಳು, ತಲೆಗೂದಲು, ಹಿಂದಿನ ಕಾಗದದ ನಾರು ಎಲ್ಲ ಅದಕ್ಕೇ ಅಂಟಿ ಹಿಡಿತ ಸಡಿಲವಾಗುತ್ತದೆ. ಹಿಡಿತ ಸಡಿಲವಾದ ದಿನ ಚಾಕು ಓಡುವಾಗ ಹಾಳೆಯೂ ಜತೆಗೆ ಜರುಗಿ, ಜಾಲಿಯ ಮೂಲೆಗಳೆಲ್ಲ ಹರಿದು ಬರುತ್ತವೆ. ಸ್ಪಿರಿಟ್ ಇಲ್ಲದ ಮಕ್ಕಳ ವೈಪ್ಸ್‌ನಿಂದ ಮೃದುವಾಗಿ ಒರೆಸಿ ಗಾಳಿಗೆ ಒಣಗಿಸಿದರೆ ಮ್ಯಾಟಿನ ಆಯುಷ್ಯ ಸ್ವಲ್ಪ ಹಿಗ್ಗುತ್ತದೆ.

ಇಷ್ಟು ಖರ್ಚಿನ ಎದುರಿಗೆ ಜಮಾ ಎಲ್ಲಿ ಬರುತ್ತದೆ? ಪುಸ್ತಕ ನೋಡಿದರೆ ಉತ್ತರ ಸ್ಪಷ್ಟ: ಪೇಟೆಯಲ್ಲಿ ಸಿಗುವುದನ್ನು ಮನೆಯಲ್ಲಿ ಕತ್ತರಿಸಿದ ಪ್ರತಿ ಸಲವೂ ನಷ್ಟ. ‘ಹ್ಯಾಪಿ ಬರ್ತ್‌ಡೇ’ ಮಾಲೆ ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಅದನ್ನೇ ಮನೆಯಲ್ಲಿ ಮಾಡಲು ಕಾರ್ಡ್‌ಸ್ಟಾಕ್, ರಿಬ್ಬನ್, ಅಂಟು ಸೇರಿ ಅಷ್ಟೇ ಹಣ ಬೇಕು, ಮೇಲೆ ಒಂದು ಸಂಜೆಯೂ ಬೇಕು. ಗೋಡೆಯ ಚಿಟ್ಟೆ, ಹೂವಿನ ಸ್ಟಿಕರ್, ‘ವೆಲ್‌ಕಂ’ ಫಲಕಗಳದ್ದೂ ಇದೇ ಕಥೆ.

ಜಮಾ ಬಂದದ್ದು ಕನ್ನಡ ಅಕ್ಷರಗಳಿಂದ. ನಾಮಕರಣಕ್ಕೆ ಮಗುವಿನ ಹೆಸರು ಕನ್ನಡದಲ್ಲೇ ಬೇಕು, ಗೃಹಪ್ರವೇಶದ ಬಾಗಿಲಿಗೆ ‘ಸುಸ್ವಾಗತ’ ಬೇಕು, ಅಜ್ಜಿಯ ಎಂಬತ್ತರ ಹುಟ್ಟುಹಬ್ಬಕ್ಕೆ ಅವರ ತವರಿನ ಹೆಸರು ಬೇಕು. ಇವು ಯಾವ ಅಂಗಡಿಯಲ್ಲೂ ತಯಾರಾಗಿ ತೂಗುಹಾಕಿರುವುದಿಲ್ಲ. ಹೇಳಿ ಮಾಡಿಸಿದರೆ ಅಕ್ರಿಲಿಕ್ ಅಂಗಡಿಯವರು ಕೇಳುವ ದರವೇ ಬೇರೆ.

ಆದರೆ ಕನ್ನಡ ಈ ಯಂತ್ರಕ್ಕೆ ಸಲೀಸಾಗಿ ಬಾಗುವುದಿಲ್ಲ. ಮಷೀನಿನ ತಂತ್ರಾಂಶದಲ್ಲಿ ನೇರವಾಗಿ ಟೈಪಿಸಿದರೆ ಒತ್ತಕ್ಷರ ಎಡವಟ್ಟಾಗುವುದುಂಟು. ಅಕ್ಷರ ಸರಿಯಾಗಿ ಮೂಡಿದರೂ ಇನ್ನೊಂದು ತೊಡಕಿದೆ. ‘ಶ್ರೀ’ಯಲ್ಲಿ ಮೂಲಾಕ್ಷರ, ಅದರ ಗುಣಿತ ಮತ್ತು ಕೆಳಗಿನ ಒತ್ತು ಒಂದರ ಮೇಲೊಂದು ಹಾದು ಕೂತಿರುತ್ತವೆ. ಕಣ್ಣಿಗೆ ಒಂದೇ ಅಕ್ಷರ, ಚಾಕುವಿಗೆ ಬೇರೆ ಬೇರೆ ಗೆರೆಗಳು. ಅದು ಪ್ರತಿ ಗೆರೆಯನ್ನೂ ಪಾಲಿಸುತ್ತ ಹೋಗುವುದರಿಂದ ಒತ್ತು ಅಲ್ಲೇ ತುಂಡಾಗಿ ಉದುರುತ್ತದೆ. ಇದಕ್ಕೆ ಮದ್ದು ಉಚಿತವಾಗಿಯೇ ಇದೆ. 2003ರಲ್ಲೇ ಶುರುವಾದ ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಟೈಪಿಸಿ, ಅಕ್ಷರವನ್ನು ಪಾತ್ ಆಗಿ ಬದಲಿಸಿ, ಯೂನಿಯನ್ ಆದೇಶ ಕೊಟ್ಟರೆ ಹೊರಗೆರೆ ಒಂದೇ ಆಗುತ್ತದೆ. ಅದನ್ನು ಎಸ್‌ವಿಜಿ ಕಡತವಾಗಿ ಉಳಿಸಿದರೆ ಯಂತ್ರ ತಕರಾರಿಲ್ಲದೆ ಕತ್ತರಿಸುತ್ತದೆ. ಫಾಂಟಿಗೂ ಕಾಸು ಬೇಡ. ಏಕ್ ಟೈಪ್ ಸಂಸ್ಥೆಯ ದಪ್ಪನೆಯ ‘ಬಲೂ ತಮ್ಮ’, ‘ನೋಟೊ ಸೆರಿಫ್ ಕನ್ನಡ’, ‘ಟಿರೊ ಕನ್ನಡ’ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ, ಮಾರಾಟದ ವಸ್ತುವಿಗೂ ಬಳಸಬಹುದು. ರಂಗೋಲಿ ಅಥವಾ ಗೋಡೆ ಬಣ್ಣಕ್ಕೆ ಸ್ಟೆನ್ಸಿಲ್ ಮಾಡುವವರು ಮಾತ್ರ ಇನ್ನೊಂದು ಹೆಜ್ಜೆ ನಡೆಯಬೇಕು. ಅನುಸ್ವಾರದ ಸೊನ್ನೆಯ ಒಳಭಾಗ, ‘ಠ’ದ ಚುಕ್ಕೆಯ ಸುತ್ತಲಿನ ಒಳಭಾಗ ಕತ್ತರಿಸಿದೊಡನೆ ಕಳಚಿ ಬೀಳುತ್ತವೆ. ಅವನ್ನು ಹಿಡಿದಿಡಲು ಸುತ್ತಿನ ಹಾಳೆಗೆ ಒಂದೆರಡು ಮಿಲಿಮೀಟರಿನ ಸೇತುವೆ ಬಿಡಬೇಕು.

ಯಂತ್ರ ಕತ್ತರಿಸಿದ ಮೇಲೆ ಕೈ ಕೆಲಸ ಶುರು. ಬೇಡದ ವಿನೈಲನ್ನು ಮೊನಚು ಕೊಕ್ಕೆಯಿಂದ ಎತ್ತಿ ತೆಗೆಯುವುದಕ್ಕೆ ‘ವೀಡಿಂಗ್’ ಎನ್ನುತ್ತಾರೆ. ಇಂಗ್ಲಿಷಿನ ‘ಲವ್’ ಎರಡು ನಿಮಿಷದಲ್ಲಿ ಮುಗಿಯುತ್ತದೆ. ‘ಶ್ರೀನಿವಾಸ ನಿಲಯ’ ಹಾಗಲ್ಲ, ತಲೆಕಟ್ಟಿನ ಸಂದು, ಒತ್ತಿನ ಕೊಂಡಿ, ಗುಡಿಸಿನ ಒಳಗಿನ ಜೋಳದಷ್ಟು ಜಾಗ, ಎಲ್ಲ ಕಡೆ ಕೊಕ್ಕೆ ಇಳಿಯಬೇಕು. ಈ ಗಂಟೆಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆಯದವರಿಗೆ ಯಾವ ಉಡುಗೊರೆಯೂ ಅಗ್ಗವಾಗಿಯೇ ಕಾಣುತ್ತದೆ.

ಇನ್ನೊಂದು ಜಮಾ ಸಂಖ್ಯೆಯದು. ಸುಲ್ತಾನಪೇಟೆಯ ಕಾರ್ಡ್ ಅಂಗಡಿಗಳು ವಿಶೇಷ ಆಕಾರದ ಚೀಟಿ ಕತ್ತರಿಸುವುದು ಡೈ ಬಳಸಿ. ಪ್ಲೈವುಡ್ ಹಲಗೆಯಲ್ಲಿ ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಕೂರಿಸಿದ ಅಚ್ಚು ಅದು. ಡೈ ಮಾಡಿಸುವ ಖರ್ಚು ಒಂದೇ, ನೂರಕ್ಕೆ ಹಂಚಿದರೆ ಭಾರ, ಐದು ಸಾವಿರಕ್ಕೆ ಹಂಚಿದರೆ ಲೆಕ್ಕಕ್ಕೇ ಬಾರದು. ಹಾಗಾಗಿ ಸಣ್ಣ ಆರ್ಡರ್ ಎಂದರೆ ಅವರು ಮುಖ ತಿರುಗಿಸುತ್ತಾರೆ. ಮನೆಯ ಯಂತ್ರಕ್ಕೆ ಡೈ ಬೇಕಿಲ್ಲ. ಹನ್ನೆರಡು ಅಂಗುಲದ ಹಾಳೆಯಲ್ಲಿ ಕತ್ತರಿಸಲು ಸಿಗುವ ಹನ್ನೊಂದೂವರೆ ಅಂಗುಲದಲ್ಲಿ ಎರಡು ಅಂಗುಲದ ಚೀಟಿ ಐದು ಸಾಲು, ಸಾಲಿಗೆ ಐದರಂತೆ 25 ಕೂರುತ್ತವೆ. ನೂರು ಚೀಟಿಗೆ ನಾಲ್ಕೇ ಹಾಳೆ. 250 ಜಿಎಸ್‌ಎಂನ ಒಳ್ಳೆಯ ಹಾಳೆ ₹20 ಎಂದರೂ ₹80ರಲ್ಲಿ ನೂರು ತಾಂಬೂಲದ ಚೀಲಗಳಿಗೆ ಹೆಸರಿನ ಚೀಟಿ ಸಿದ್ಧ. ಒಂದೇ ಒಂದು ಬೇಕೆಂದರೆ ಕೊಳ್ಳುವುದು ಅಗ್ಗ, ಸಾವಿರಾರು ಬೇಕೆಂದರೆ ಡೈ ಅಗ್ಗ. ನಡುವಿನ ಇಪ್ಪತ್ತರಿಂದ ಇನ್ನೂರರ ತನಕದ್ದು ಈ ಯಂತ್ರದ ರಾಜ್ಯ. ನಾಮಕರಣ, ಉಪನಯನ, ಸೀಮಂತ, ವರಮಹಾಲಕ್ಷ್ಮಿ ವ್ರತದ ಅರಿಸಿನ ಕುಂಕುಮ ಎಲ್ಲವೂ ಆ ಸಂಖ್ಯೆಯೊಳಗೇ ಬರುತ್ತವೆ.

ಹಬ್ಬದ ಅಲಂಕಾರದಲ್ಲಿ ಕಾನೂನೂ ಈ ಯಂತ್ರದ ಕಡೆಗಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಗೊಂಡ ಏಕಬಳಕೆ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಕೂಡ ಸೇರಿದೆ. ಗಣೇಶನ ಹಿಂದೆ ಥರ್ಮೊಕೋಲಿನ ಪ್ರಭಾವಳಿ ನಿಲ್ಲಿಸುತ್ತಿದ್ದ ಮನೆಗಳಲ್ಲಿ ಈಗ ರಟ್ಟಿನ ಮಂಟಪಗಳು ಕಾಣಿಸಿಕೊಂಡಿವೆ. ಕಂಬ, ಕಮಾನು, ಜಾಲಿ ಬಿಡಿಬಿಡಿಯಾಗಿ ಕತ್ತರಿಸಿ, ಖಾಂಚು ಕೂಡಿಸಿ ನಿಲ್ಲಿಸಿದರೆ ಹಬ್ಬ ಮುಗಿದ ಮೇಲೆ ಮಡಚಿ ಅಟ್ಟಕ್ಕೆ ಹಾಕಬಹುದು, ಮರುವರ್ಷದ ಖರ್ಚು ಅಲ್ಲಿಗೆ ಉಳಿಯಿತು. ಕರಾವಳಿಯ ಗೂಡುದೀಪದಲ್ಲೂ ಇದೇ ಕೌಶಲ ಒಗ್ಗುತ್ತದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಗೂಡುದೀಪ ಸ್ಪರ್ಧೆ ನೋಡಿದವರಿಗೆ ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಹಚ್ಚುವ ಕೈಗಳ ನಾಜೂಕು ಗೊತ್ತು. ಆ ಕೈಗಳಿಗೆ ಯಂತ್ರ ಸಾಟಿಯಲ್ಲ. ಆದರೆ ನಗರದ ಫ್ಲ್ಯಾಟಿನಲ್ಲಿ ಬಿದಿರು ಸೀಳಲು ಬಾರದವರು ಕಪ್ಪು ಕಾರ್ಡಿನಲ್ಲಿ ಜಾಲಿ ಕತ್ತರಿಸಿ, ಹಿಂದೆ ಹಳದಿ ಟಿಶ್ಯೂ ಅಂಟಿಸಿ ಬಾಲ್ಕನಿಗೆ ದೀಪ ತೂಗುಹಾಕುವಷ್ಟಕ್ಕೆ ಧಾರಾಳವಾಗಿ ಸಾಕು.

ಉಡುಗೊರೆಯ ಲೆಕ್ಕ ಸ್ವಲ್ಪ ಸೂಕ್ಷ್ಮ. ಮದುವೆ ಮನೆಯ ಮುಯ್ಯಿ ಪುಸ್ತಕದಲ್ಲಿ ಇಂಥವರಿಂದ ಇಷ್ಟು ರೂಪಾಯಿ, ಇಂಥವರಿಂದ ಒಂದು ಸ್ಟೀಲ್ ಕೊಳಗ ಎಂದು ಬರೆಯುವ ರೂಢಿ ಇನ್ನೂ ಇದೆ. ಆ ಪುಸ್ತಕದಲ್ಲಿ ಕೈಯಾರೆ ಮಾಡಿದ ಪೇಪರ್ ಲ್ಯಾಂಪಿಗೆ ಬೆಲೆ ಕಟ್ಟುವುದು ಕಷ್ಟ. ಕೊಟ್ಟವರು ಗಂಟೆಗಳನ್ನು ಎಣಿಸುತ್ತಾರೆ, ಪಡೆದವರು ಅಂಗಡಿಯ ದರ ಊಹಿಸುತ್ತಾರೆ. ಆದ್ದರಿಂದ ಈ ಅಂಕಣಕಾರ್ತಿಯ ಮನೆಯಲ್ಲಿ ಮುಯ್ಯಿ ತೀರಿಸಬೇಕಾದ ಕಡೆ ಹಣ ಅಥವಾ ಪಾತ್ರೆಯೇ ಹೋಗುತ್ತದೆ, ಯಂತ್ರದ ಕೆಲಸ ಅದರ ಮೇಲಿನ ಲಕೋಟೆ ಮತ್ತು ಡಬ್ಬಿಗೆ ಸೀಮಿತ. ಆಪ್ತ ಗೆಳತಿಯರಿಗೆ ಮಾತ್ರ ಹೆಸರು ಹಾಕಿದ ಬಟ್ಟೆಚೀಲ. ಅದಕ್ಕೆ ಬೇಕಾದದ್ದು ಇಸ್ತ್ರಿಯ ಶಾಖಕ್ಕೆ ಅಂಟುವ ವಿನೈಲ್. ಕತ್ತರಿಸುವ ಮೊದಲು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಬೇಕು. ಕಾಫಿ ಲೋಟಕ್ಕೆ ವಿನೈಲ್ ಅಂಟಿಸುವವರು ತುಟಿ ತಾಗುವ ಅಂಚು ಬಿಟ್ಟು ಕೆಳಗೆ ಅಂಟಿಸುವುದು ಒಳ್ಳೆಯದು.

ಇದನ್ನೇ ವ್ಯಾಪಾರ ಮಾಡಿದರೆ ಯಂತ್ರದ ಬೆಲೆ ಬೇಗ ಹುಟ್ಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹುಟ್ಟೀತು, ಆದರೆ ಮೊದಲು ಎರಡು ವಿಷಯ ತಿಳಿದಿರಬೇಕು. ಕಾರ್ಟೂನ್ ಪಾತ್ರ, ಕ್ರಿಕೆಟ್ ತಂಡದ ಲಾಂಛನ ಕತ್ತರಿಸಿ ಮಾರುವಂತಿಲ್ಲ, ಅವಕ್ಕೆ ಒಡೆಯರಿದ್ದಾರೆ. ತೆರಿಗೆಯ ವಿಷಯದಲ್ಲಿ, ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ₹40 ಲಕ್ಷದ ವಹಿವಾಟು. ಸೇವೆಗಾದರೆ ₹20 ಲಕ್ಷ. ಇದು ಲಾಭದ ಲೆಕ್ಕವಲ್ಲ, ವಹಿವಾಟಿನದು. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದಾಗ ಗೊಂದಲವಾದದ್ದು ಇಲ್ಲೇ. ಮನೆಖರ್ಚಿನ ಯುಪಿಐ ಮತ್ತು ಮಾರಾಟದ ಯುಪಿಐ ಬೇರೆ ಬೇರೆ ಖಾತೆಯಲ್ಲಿದ್ದರೆ ಆ ತಲೆನೋವು ಇರುವುದಿಲ್ಲ.

ಕೊಳ್ಳುವ ಮೊದಲು ನೋಡಬೇಕಾದ ಇನ್ನೊಂದು ಖರ್ಚು ತಂತ್ರಾಂಶದ್ದು. ಚಿತ್ರಭಂಡಾರ ಬಳಸಲು ಕ್ರಿಕಟ್ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 10 ಡಾಲರ್ ಚಂದಾ ಪಡೆಯುತ್ತದೆ. 2021ರ ಮಾರ್ಚ್‌ನಲ್ಲಿ, ಚಂದಾ ಕೊಡದವರು ತಮ್ಮದೇ ಚಿತ್ರಗಳನ್ನು ತಿಂಗಳಿಗೆ 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ನಿಯಮವನ್ನು ಅದು ಪ್ರಕಟಿಸಿತ್ತು. ಗ್ರಾಹಕರು ಬೆಂಕಿಯಾದರು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಅದೇ ತಿಂಗಳು ಅದು ಷೇರು ಪೇಟೆಗೂ ಕಾಲಿಟ್ಟಿತ್ತು. ಲಾಕ್‌ಡೌನ್ ಕಾಲದ ಖರೀದಿಯ ಭರಾಟೆಯಲ್ಲಿ 2021ರಲ್ಲಿ 130 ಕೋಟಿ ಡಾಲರ್ ದಾಟಿದ್ದ ಅದರ ಆದಾಯ 2023ರಲ್ಲಿ ಸುಮಾರು 76 ಕೋಟಿಗೆ ಇಳಿಯಿತು. ಸಿಲೂಯೆಟ್‌ನ ತಂತ್ರಾಂಶ ಅಂತರ್ಜಾಲವಿಲ್ಲದೆಯೂ ಓಡುತ್ತದೆ, ಆದರೆ ಅದರ ಉಚಿತ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ, ಅದಕ್ಕೆ ಹಣ ತೆತ್ತು ಮೇಲ್ದರ್ಜೆಗೆ ಹೋಗಬೇಕು.

ವರ್ಷಕ್ಕೆ ಎರಡು ಮೂರು ಸಮಾರಂಭ ಮಾತ್ರ ಇರುವ ಮನೆಗೆ ಯಂತ್ರ ಬೇಕಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಕಡತ ಸಿದ್ಧಮಾಡಿ ರೇಡಿಯಂ ಅಂಗಡಿಗೆ ಒಯ್ದರೆ ಅವರೇ ಕತ್ತರಿಸಿ ಕೊಡುತ್ತಾರೆ. ಬೇಕೇ ಬೇಕು ಎನ್ನುವವರು ಸೆಕೆಂಡ್ ಹ್ಯಾಂಡ್ ನೋಡಬಹುದು. ಲಾಕ್‌ಡೌನಿನಲ್ಲಿ ಕೊಂಡು ಬೀರುವಿನ ಮೇಲೇರಿದವು ಆಗಾಗ ಮಾರಾಟಕ್ಕೆ ಬರುತ್ತವೆ. ಮಾರುವವರ ಎದುರಿಗೇ ಒಂದು ಸಣ್ಣ ವೃತ್ತ ಕತ್ತರಿಸಿ ನೋಡಬೇಕು. ಗೆರೆ ಶುರುವಾದ ಬಿಂದುವಿನಲ್ಲೇ ಬಂದು ಕೂಡಿದರೆ ರೋಲರ್ ಸರಿಯಿದೆ.

ಈ ಅಂಕಣಕಾರ್ತಿಯ ಯಂತ್ರವನ್ನು ಈಗ ಅಪಾರ್ಟ್‌ಮೆಂಟಿನ ಇನ್ನೆರಡು ಮನೆಗಳೂ ಬಳಸುತ್ತವೆ. ಕಾಗದ, ವಿನೈಲ್ ಅವರವರದು. ಬ್ಲೇಡ್ ಮತ್ತು ಮ್ಯಾಟಿನ ಸವೆತಕ್ಕೆ ಹಾಳೆಗೆ ₹10ರಂತೆ ಡಬ್ಬಿಗೆ ಹಾಕುವುದು ಒಪ್ಪಂದ. ತಿಂಗಳ ₹790 ಮೂರು ಪಾಲಾದರೆ ಮನೆಗೆ ₹265ಕ್ಕೂ ಕಡಿಮೆ. ಶ್ರಾವಣ ಬಂದರೆ ಮಾತ್ರ ಸರದಿಯ ಜಗಳ ಇದ್ದದ್ದೇ, ವರಮಹಾಲಕ್ಷ್ಮಿ ಹಬ್ಬ ಮೂರೂ ಮನೆಗೆ ಒಂದೇ ಶುಕ್ರವಾರ.