ಒಂದು ಖಾನೆಗೆ 51 ಮಿಲಿವೋಲ್ಟ್

ಬೀದರಿ ಕೆಲಸದವರು ಕೋಟೆಯ ಹಳೇ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡ್ತಾರೆ ಅನ್ನೋದು ನಮ್ಮ ಊರಾಗ ಎಲ್ಲರಿಗೂ ಗೊತ್ತು. ಆ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಅದರಲ್ಲಿ ಪಾತ್ರೆ ಅದ್ದಿದರೆ ಸತು-ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಹಾಗಾದ್ರ ಆ ಮಣ್ಣಿನಾಗ ಯಾವ ಲವಣ ಎಷ್ಟದ? ಹೋದ ಸೆಮಿಸ್ಟರ್‌ನಲ್ಲಿ ಈ ಪ್ರಶ್ನೆ ಹಿಡ್ಕೊಂಡು ನಾವು ಮೂವರು, ಬೀದರಿನವನು ನಾನು, ಭಾಲ್ಕಿಯವನೊಬ್ಬ, ಔರಾದಿನವನೊಬ್ಬ, ಮಿನಿ ಪ್ರಾಜೆಕ್ಟಿಗೆ ಕೂತೆವು. ನಮ್ಮ ಹತ್ತಿರ ಉಪಕರಣ ಇರಲಿಲ್ಲ, ಲ್ಯಾಪ್‌ಟಾಪ್ ಇತ್ತು.

ವಿಧಾನ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್. ಕೂದಲೆಳೆಯಂಥ ಗಾಜಿನ ನಾಳದಲ್ಲಿ ದ್ರಾವಣ ತುಂಬಿ, ಎರಡೂ ತುದಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಅಯಾನುಗಳು ಓಡುತ್ತವೆ. ವೇಗ ಅಂದ್ರೆ ಚಲನಶೀಲತೆ ಗುಣಿಸು ವಿದ್ಯುತ್ ಕ್ಷೇತ್ರ, ಅಷ್ಟೇ. ಇದೇ ತತ್ವದ ಮೇಲೆ ಪ್ರೋಟೀನುಗಳನ್ನು ಬೇರ್ಪಡಿಸಿದ ಸ್ವೀಡನ್ನಿನ ಆರ್ನೆ ಟಿಸೇಲಿಯಸ್‌ಗೆ 1948ರಲ್ಲಿ ನೊಬೆಲ್ ಬಂತು. ಇದನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಮಾನ್ಯ ಮಾದರಿಯನ್ನು ಬಿಯರ್ ಮತ್ತು ಸಂಗಡಿಗರು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ತಂಡದ ‘ಸಿಮುಲ್’ ಉಚಿತವಾಗಿ ಸಿಗುತ್ತದೆ. ಆದರೆ ನಮಗೆ ಹಟ, ನಾವೇ ಕೋಡ್ ಬರೀತೀವಿ ಅಂತ.

ಲೆಕ್ಕ ಹೀಗಿತ್ತು. ನಾಳ 50 ಸೆಂಟಿಮೀಟರ್, ಡಿಟೆಕ್ಟರ್ 40ರಲ್ಲಿ, ವೋಲ್ಟೇಜ್ 20,000. ಒಳಗೋಡೆಗೆ ಲೇಪ ಹಚ್ಚಿ ದ್ರಾವಣದ ಹರಿವು ನಿಲ್ಲಿಸಿದ್ದೇವೆ ಎಂದು ಇಟ್ಕೊಳ್ಳಿ. ಕ್ಷೇತ್ರ ಮೀಟರಿಗೆ 40,000 ವೋಲ್ಟ್. ಕ್ಲೋರೈಡಿನ ಚಲನಶೀಲತೆ 79.1, ನೈಟ್ರೇಟಿನದು 74.1 (ಎರಡನ್ನೂ 10⁻⁹ರಿಂದ ಗುಣಿಸಿ, ಚದರ ಮೀಟರ್ ಪ್ರತಿ ವೋಲ್ಟ್ ಸೆಕೆಂಡ್). ಕ್ಲೋರೈಡ್ ಸುಮಾರು 126 ಸೆಕೆಂಡಿಗೆ, ನೈಟ್ರೇಟ್ 135ಕ್ಕೆ ಡಿಟೆಕ್ಟರ್ ಮುಟ್ಟಬೇಕು. ಕ್ಲೋರೈಡ್ ಮುಟ್ಟಿದಾಗ ನೈಟ್ರೇಟ್ 25 ಮಿಲಿಮೀಟರ್ ಹಿಂದೆ.

ನಾಳವನ್ನು 1,000 ಖಾನೆ ಮಾಡಿದೆವು, ಒಂದೊಂದೂ ಅರ್ಧ ಮಿಲಿಮೀಟರ್. ಮೊದಲು ಎಡ-ಬಲ ಎರಡೂ ಖಾನೆ ನೋಡಿ ವ್ಯತ್ಯಾಸ ತೆಗೆಯುವ ಸೆಂಟ್ರಲ್ ಡಿಫರೆನ್ಸ್ ಹಾಕಿದೆವು. ಗ್ರಾಫ್ ಗರಗಸದ ಹಾಗೆ ಕುಣಿದು, ಸಾಂದ್ರತೆ ಮೈನಸ್‌ಗೆ ಹೋಯ್ತು. ಮೈನಸ್ ಉಪ್ಪು ಎಲ್ಲಿ ಸಿಗ್ತದ್ರಿ? ಬೇಸತ್ತು, ಹಿಂದಿನ ಖಾನೆಯನ್ನಷ್ಟೇ ನೋಡುವ ಅಪ್‌ವಿಂಡ್ ವಿಧಾನಕ್ಕೆ ಬದಲಾಯಿಸಿದೆವು. ಚಂದದ ನುಣುಪಾದ ಗುಡ್ಡ ಬಂತು. ಆದರೆ ಒಂದೇ ಗುಡ್ಡ. ಕ್ಲೋರೈಡು-ನೈಟ್ರೇಟು ಬೇರೆ ಆಗ್ಲೇ ಇಲ್ಲ. ‘ಈ ವಿಧಾನದಿಂದ ಆಗುವುದಿಲ್ಲ’ ಎಂದು ರಿಪೋರ್ಟೂ ಟೈಪ್ ಮಾಡಿಬಿಟ್ಟಿದ್ದೆ!

ತಡೆದವನು ಔರಾದಿನ ಗೆಳೆಯ. ಅವನ ಚಿಂತೆ ಮಣ್ಣಿನದಲ್ಲ, ಬಾವಿ ನೀರಿನದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ಬಿಐಎಸ್ ಮಾನದಂಡ. ಹೆಚ್ಚಾದರೆ ಕೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. “ಅಯಾನು ನಿಜಕ್ಕೂ ಎಷ್ಟು ಹರಡ್ತದ, ಮೊದಲು ಕೈಯಿಂದ ಲೆಕ್ಕ ಹಾಕು ಮಾರಾಯಾ, ಆಮ್ಯಾಲ ಆಗಂಗಿಲ್ಲ ಅನ್ನು” ಅಂದ.

ಹಾಕಿದೆವು. ಕ್ಲೋರೈಡಿನ ವಿಸರಣ ಗುಣಾಂಕ ಸುಮಾರು 2×10⁻⁹ ಚದರ ಮೀಟರ್ ಪ್ರತಿ ಸೆಕೆಂಡ್. 126 ಸೆಕೆಂಡಿನಲ್ಲಿ ಅದರ ಹರಡುವಿಕೆ, ಅಂದರೆ ಸಿಗ್ಮಾ, 0.7 ಮಿಲಿಮೀಟರ್ ಮಾತ್ರ. 25 ಮಿಲಿಮೀಟರ್ ಅಂತರದ ಮುಂದೆ ಇದು ಏನೂ ಅಲ್ಲ. ಹಾಗಾದರೆ ನಮ್ಮ ಗುಡ್ಡ ಅಷ್ಟು ಅಗಲ ಯಾಕಾಯ್ತು? ಅಪ್‌ವಿಂಡ್ ತನ್ನದೇ ಒಂದು ಸುಳ್ಳು ವಿಸರಣವನ್ನು ಸೇರಿಸುತ್ತದೆ. ಕಾಲದ ಹೆಜ್ಜೆ ಚಿಕ್ಕದಿದ್ದರೆ ಅದು ವೇಗ ಗುಣಿಸು ಖಾನೆಯ ಅಗಲದ ಅರ್ಧದಷ್ಟು. ನಮ್ಮ ಖಾನೆಗೆ ಅದು ನಿಜವಾದದ್ದಕ್ಕಿಂತ 390 ಪಟ್ಟು! ಸಿಗ್ಮಾ 14 ಮಿಲಿಮೀಟರ್. ಎರಡು ಸಮಾನ ಗುಡ್ಡಗಳ ಅಂತರ ಎರಡು ಸಿಗ್ಮಾಕ್ಕಿಂತ ಕಡಿಮೆಯಾದರೆ ನಡುವೆ ಕಣಿವೆಯೇ ಬೀಳುವುದಿಲ್ಲ. ನಮ್ಮದು 1.8. ಅಂದರೆ ಎರಡನ್ನೂ ಕಲಸಿದ್ದು ನಮ್ಮ ಕೋಡೇ.

ಸೆಂಟ್ರಲ್ ಡಿಫರೆನ್ಸ್ ಕುಣಿಯದಿರಲು ವೇಗ ಗುಣಿಸು ಅಗಲ, ಭಾಗಿಸು ವಿಸರಣ, ಇದು 2ಕ್ಕಿಂತ ಕಡಿಮೆ ಇರಬೇಕು. ಇದನ್ನೇ ಪೆಕ್ಲೆ ಸಂಖ್ಯೆ ಅಂತಾರೆ. ಇಲ್ಲಿ ಒಂದು ಮಜಾ ಅದ. ವಿಸರಣವೂ ಚಲನಶೀಲತೆಯಿಂದಲೇ ಬರುವುದು: ಒಂದು ವಿದ್ಯುದಂಶದ ಅಯಾನಿಗೆ, ಕೋಣೆಯ ಉಷ್ಣತೆಯಲ್ಲಿ, ಚಲನಶೀಲತೆ ಗುಣಿಸು 0.0257 ವೋಲ್ಟ್. ಹೀಗಾಗಿ ಚಲನಶೀಲತೆ ಎರಡೂ ಕಡೆ ಹೊಡೆದುಹೋಗಿ, ಉಳಿಯೋದು ಇಷ್ಟೇ: ಒಂದು ಖಾನೆಯ ಮೇಲೆ ಬೀಳುವ ವೋಲ್ಟೇಜ್ 51 ಮಿಲಿವೋಲ್ಟ್ ಮೀರಬಾರದು. ಅಯಾನು ಯಾವುದು, ನಾಳ ಎಷ್ಟು ಉದ್ದ, ಯಾವುದೂ ಬೇಡ. 20,000 ವೋಲ್ಟಿಗೆ ಸುಮಾರು 3,90,000 ಖಾನೆ. ನಾವು ಹಾಕಿದ್ದು ಸಾವಿರ.

ಅಷ್ಟು ಖಾನೆ ನಮ್ಮ ಲ್ಯಾಪ್‌ಟಾಪಿಗೆ ಭಾರ. ಭಾಲ್ಕಿಯವನು ಬಸ್ಸಿನಲ್ಲಿ ಬರುವಾಗ ಉಪಾಯ ಹೊಳೀತು ಅಂದ: ಬಸ್ಸಿನೊಳಗೆ ಕೂತವನಿಗೆ ಪಕ್ಕದವನು ಓಡ್ತಿರೋದು ಕಾಣಲ್ಲ. ನಾವೂ ಎರಡು ಅಯಾನುಗಳ ಸರಾಸರಿ ವೇಗದಲ್ಲಿ ಸರಿಯುವ 5 ಸೆಂಟಿಮೀಟರ್ ಕಿಟಕಿಯೊಳಗೆ ಕೂತರೆ, ಅವುಗಳ ವೇಗ ಸೆಕೆಂಡಿಗೆ 0.1 ಮಿಲಿಮೀಟರಿಗೆ ಇಳಿಯುತ್ತದೆ. ಆಗ 1,400 ಖಾನೆ ಸಾಕು. ಎರಡು ಗುಡ್ಡ, ನಡುವೆ ಸಪಾಟು ಬಯಲು.

ಕ್ಷೇತ್ರ ಎಲ್ಲೆಡೆ ಒಂದೇ ಎಂದು ಹಿಡಿದದ್ದರಿಂದ ಇದು ನಡೆಯಿತು. ಮಾದರಿಯಲ್ಲಿ ಉಪ್ಪು ಜಾಸ್ತಿ ಇದ್ದರೆ ಅದೇ ಜಾಗದ ವಾಹಕತೆ ಬದಲಾಗಿ, ಕ್ಷೇತ್ರವೂ ಬದಲಾಗಿ, ಗುಡ್ಡ ತ್ರಿಕೋನವಾಗುತ್ತದೆ. ಆಗ ಪ್ರತಿ ಹೆಜ್ಜೆಗೂ ಕ್ಷೇತ್ರವನ್ನು ಮತ್ತೆ ಲೆಕ್ಕಹಾಕಬೇಕು. ನವಸಾಗರ ಬೆರೆಸಿದ ಮಣ್ಣಿನ ನೀರಿಗೆ ಅದೇ ಬೇಕಾದದ್ದು. ಈ ಸೆಮಿಸ್ಟರ್ ಅದನ್ನೇ ಬರೀತಿದ್ದೀವಿ. ರಿಪೋರ್ಟಿನ ಆ ಸಾಲು ಅಳಿಸಿದ್ದೇನೆ.